ಗೊರಸು ಎತ್ತುವ ಬಗೆ

ಗುರುವಾರ ಸಂಜೆ, ಪ್ರಾಣಿಶಾಸ್ತ್ರ ವಿಭಾಗದ ಕೊನೆಯ ಕೋಣೆ.
ಹದಿನಾಲ್ಕು ಕುರ್ಚಿ, ಹನ್ನೊಂದು ಜನ.
ನಡಾವಳಿ ಬರೆಯುವ ಪಾಳಿ ನನ್ನದು.
ಮೊದಲ ಸಾಲಿನಲ್ಲೇ ಜಗಳ:
ಕಲ್ಯಾಣ ಎನ್ನಬೇಕೋ, ಹಕ್ಕು ಎನ್ನಬೇಕೋ.
ಚೆರೊಟಿಚ್ ಎದ್ದಳು. ಅವಳು ಎದ್ದರೆ ಕೂರುವುದು ತಡ.
ಹೊರೆ ಹೊರಿಸುವುದೇ ತಪ್ಪು ಎಂದಳು,
ಸರಪಳಿಗೆ ಮೆತ್ತೆ ಕಟ್ಟಿದರೆ ಕರುಣೆಯಲ್ಲ,
ಸರಪಳಿಗೆ ಸಿಂಗಾರ ಎಂದಳು.
ಎರಡು ಸಲ ಅಡಿಗೆರೆ ಎಳೆದು ಬರೆದುಕೊಂಡೆ.

ಹಿಂದಿನ ಬೆಂಚಿನಿಂದ ಒಮೋಂಡಿ:
ಹಾಸ್ಟೆಲಿನ ನಲ್ಲಿ ಒಣಗಿ ಎಷ್ಟು ದಿನವಾಯಿತು?
ನಿನ್ನೆ ನೀನು ಮುಖ ತೊಳೆದ ನೀರು
ಯಾರ ಬೆನ್ನ ಹಿಂದೆ ಉರುಳಿ ಬಂತು?

ಫ್ಯಾನಿನ ಸದ್ದು ಕೇಳಿಸಿತು.

ನಿರ್ಣಯ: ಶನಿವಾರ, ಏಳು ಗಂಟೆ, ಕೊಳವೆಬಾವಿಯ ಹತ್ತಿರ.
ಕೈ ಎತ್ತಿದವರು ಹನ್ನೊಂದು.
ಬಂದವರು ನಾಲ್ಕು.

ನಕೂರಿನ ಧೂಳು ಬಿಳಿ. ಹಿಟ್ಟಿನ ಗಿರಣಿಯಿಂದ ಈಗಷ್ಟೇ ಬಂದವರ ಹಾಗೆ
ಸಾಲಾಗಿ ನಿಂತ ಕತ್ತೆಗಳು, ರೆಪ್ಪೆಯ ಮೇಲೂ ಧೂಳು.
ಡಾಕ್ಟರ್ ನಾಸಿಮಿಯು ನಮ್ಮ ಹೆಸರು ಕೇಳಲಿಲ್ಲ.
ಒಂದು ಹಳೆಯ ಕಂಬಳಿ, ನಾಲ್ಕು ಗೋಣಿಚೀಲ, ಒಂದು ದಬ್ಬಣ ಕೊಟ್ಟು
ಹೊಲಿಯಿರಿ ಎಂದರು.
ಬಾಟಲಿ, ಸಿರಿಂಜು, ಬಿಳಿ ಕೋಟು ಅಂದುಕೊಂಡು ಬಂದಿದ್ದೆವು.
ದಬ್ಬಣದ ಕಣ್ಣಿಗೆ ಹುರಿ ಪೋಣಿಸುತ್ತ ಚೆರೊಟಿಚ್,
"ನನ್ನ ಅಭಿಪ್ರಾಯ ಬದಲಾಗಿಲ್ಲ, ಬರೆದುಕೋ" ಅಂದಳು.
ಬರೆಯಲು ನನ್ನ ಕೈ ಖಾಲಿ ಇರಲಿಲ್ಲ.

ಗಾಥೋಗೋ ಮುದುಕನ ಕತ್ತೆಯ ಹೆಸರು ಪ್ರೊಫೆಸರ್.
ಯಾಕೆ?
ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾನೆ,
ಹೊರಡುವುದು ಮಾತ್ರ ತನ್ನ ದಾರಿಗೆ.
ಮುಂಗಾಲು ಕುಂಟುತ್ತಿತ್ತು. ಎತ್ತು ಎಂದರು ಡಾಕ್ಟರ್, ನನಗೆ.
ನಾನು ಎಳೆದೆ. ಬೇರು ಬಿಟ್ಟ ಮರ.
ಇನ್ನೊಮ್ಮೆ ಎಳೆದೆ. ನನ್ನ ಚಪ್ಪಲಿ ಕಿತ್ತಿತು.

ಹಾಗಲ್ಲ ಮಗೂ, ಎಂದ ಮುದುಕ.
ಅವನ ಬಾಲದ ಕಡೆ ಮುಖ ಮಾಡಿ ನಿಲ್ಲು.
ಹೆಗಲಿನಿಂದ ಕೈ ಇಳಿಸುತ್ತ ಬಾ, ನಿಧಾನ, ಮೊಣಕಾಲು, ಇನ್ನೂ ಕೆಳಗೆ.
ಈಗ ಒರಗು. ಕೇಳಬೇಡ, ಕಿತ್ತುಕೊಳ್ಳಬೇಡ,
ಸುಮ್ಮನೆ ಒರಗು.

ಕೊಟ್ಟ.
ಮೂರು ಕಾಲಿನ ಮೇಲೆ ನಿಂತ ಪ್ರೊಫೆಸರ್
ನಾಲ್ಕನೆಯದಾಗಿ ನನ್ನನ್ನು ಹಿಡಿದುಕೊಂಡ.
ಅವನ ಭಾರವೆಲ್ಲ ನನ್ನ ಬೆನ್ನಿಗೆ ಬಂತು, ಬಿಸಿ ಬಿಸಿ,
ಹೊಟ್ಟೆಯೊಳಗೆ ಏನೋ ಗುಡುಗುಡು ಎನ್ನುವುದು ನನ್ನ ಪಕ್ಕೆಗೇ ಕೇಳಿಸಿತು.
ಡಾಕ್ಟರ್ ಕೆರೆದರು. ಕಪ್ಪು ಕೀವು, ಅದರೊಳಗೆ ಒಂದು ಮೊಳೆ.
ಕಸ್ತೂರಿಯ ವಿಷಯ ಕತ್ತೆಗೆ ಗೊತ್ತೋ ಇಲ್ಲವೋ,
ಗೊರಸಿನ ವಾಸನೆ ನನ್ನ ಬೆರಳಿಗೆ ಮೂರು ದಿನ ಗೊತ್ತಿತ್ತು.

ಒಂದು ವಾರ ಗಾಡಿ ಕಟ್ಟಬಾರದು.
ಮುದುಕ ಮಾತಾಡಲಿಲ್ಲ. ಗಾಡಿಯ ಕಡೆ ನೋಡಿದ.
ಹದಿನೈದು ಹಳದಿ ಕ್ಯಾನು, ತುಂಬಿದ್ದು,
ಹೋಗಬೇಕಾದದ್ದು ನಮ್ಮ ಹಾಸ್ಟೆಲಿಗೆ.

ನೊಗದ ಒಂದು ಕಡೆ ಒಮೋಂಡಿ, ಇನ್ನೊಂದು ಕಡೆ ಚೆರೊಟಿಚ್,
ಹಿಂದಿನಿಂದ ನಾನು ಮತ್ತು ಹೆಸರು ಇನ್ನೂ ಸರಿಯಾಗಿ ಗೊತ್ತಿಲ್ಲದ
ಮೊದಲ ವರ್ಷದ ಹುಡುಗ.
ಏರಿನಲ್ಲಿ ಯಾರಿಗೂ ಸಿದ್ಧಾಂತ ಉಳಿಯಲಿಲ್ಲ.
ಒಂದು ಮಟಾಟು ವ್ಯಾನಿನ ಕಿಟಕಿಯಿಂದ ಯಾರೋ ಕೂಗಿದರು, ನಕ್ಕರು.
ಪ್ರೊಫೆಸರ್ ಕುಂಟುತ್ತ ಕುಂಟುತ್ತ ಬಾವಿಯ ನೆರಳಿಗೆ ಹೋದ,
ನಮ್ಮನ್ನು ತಿರುಗಿಯೂ ನೋಡಲಿಲ್ಲ.

ಉಳಿದ ಆರು ದಿನದ ಮಾತು?
ಅದಕ್ಕೆ ಉತ್ತರ ಇನ್ನೂ ಇಲ್ಲ. ಒಂದಷ್ಟು ಶಿಲ್ಲಿಂಗು ಕೂಡಿಸಿದೆವು,
ಸಾಲದು ಎಂದು ಮುದುಕನೂ ಹೇಳಲಿಲ್ಲ, ಸಾಕು ಎಂದೂ ಹೇಳಲಿಲ್ಲ.

ಮತ್ತೆ ಗುರುವಾರ. ಹದಿನಾಲ್ಕು ಕುರ್ಚಿ.
ನಡಾವಳಿ ಓದಿದೆ: ಮೆತ್ತೆ ಎರಡು; ಒಂದರ ಹೊಲಿಗೆ ಸೊಟ್ಟ, ಬಿಚ್ಚಬೇಕು.
ಚೆರೊಟಿಚ್ ಎದ್ದಳು: ತಲೆಬರಹದಲ್ಲಿ ಕಲ್ಯಾಣ ಅಂತಿದೆ, ಹೊಡೆದು ಹಾಕು.
ಹೊಡೆದೆ.
ಏನು ಬರೆಯಲಿ ಎಂದೆ.
ಅಂಗೈಯ ಗುಳ್ಳೆಯನ್ನು ಒತ್ತುತ್ತ ನಿಂತೇ ಇದ್ದಳು.
ಆ ಜಾಗ ಈಗಲೂ ಖಾಲಿ ಇದೆ.

ಶನಿವಾರ ಆರೂವರೆಗೆ.
ದಬ್ಬಣ ಇದ್ದವರು ತನ್ನಿ. ನಮ್ಮ ಹತ್ತಿರ ಇರುವುದು ಒಂದೇ.